ಭಾಮಿನಿಯ ಏಳು ಮಾತ್ರೆಗೆ ರಾಕ್ ಕಟ್ಟಿದ್ದು

ಹಾಡಿನ ಹೆಸರು ‘ಕಟ್ಟಕಡೆ’. ಉದ್ದ 3 ನಿಮಿಷ 50 ಸೆಕೆಂಡು. ಅದನ್ನು ಬರೆದು, ರೆಕಾರ್ಡ್ ಮಾಡಿ, ಬಿಡುಗಡೆ ಮಾಡೋಕೆ ನಮಗೆ 14 ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ಸಮಯ ಹೋಗಿದ್ದು ಮೊದಲ ನಾಲ್ಕು ಸಾಲಿಗೆ.

ನಾವು ನಾಲ್ಕು ಜನ. ಪ್ರಾಕ್ಟೀಸು ಮೈಸೂರಿನಲ್ಲಿ, ನನ್ನ ಮನೆ ಹುಣಸೂರಿನಲ್ಲಿ. ವಾರಕ್ಕೆ ಎರಡು ಸಲ ಗಿಟಾರು ಬೆನ್ನಿಗೆ ಹಾಕಿಕೊಂಡು ಕೊನೆ ಬಸ್ಸಿಗೆ ಓಡುತ್ತಿದ್ದೆ. ಒಂದು ರಾತ್ರಿ ಕೈ ಅಡ್ಡ ಹಿಡಿದರೂ ಬಸ್ಸು ನಿಲ್ಲಲಿಲ್ಲ. ಅದರ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತಿದ್ದೆ. ಹಾಡು ಹುಟ್ಟಿದ್ದು ಆ ರಸ್ತೆ ಬದಿಯಲ್ಲಿ.

ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಬೇಗ ಸಿಕ್ಕಿತು. ಗಿಟಾರಿನ ದಪ್ಪ ತಂತಿಯನ್ನು ಇ ಇಂದ ಡಿಗೆ ಇಳಿಸಿ, ಎಲ್ಲರೂ ಮಾಡುವ ಹಾಗೆ 4/4ರಲ್ಲಿ, ಅಂದರೆ ನಾಲ್ಕು ನಾಲ್ಕು ಏಟಿನ ತಾಳದಲ್ಲಿ ಕಟ್ಟಿದೆವು. ಅದರ ಮೇಲೆ ನಾನು ಸಾಲು ಕೂರಿಸಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿದ ಡೆಮೊವನ್ನು ಮನೆಯಲ್ಲಿ ಹಾಕಿದಾಗ ಅಪ್ಪ ಹೇಳಿದ್ದು ಒಂದೇ ಮಾತು: “ರಾಗ ಚೆನ್ನಾಗಿದೆ ಕಣೋ. ಪದ ಕೇಳಿಸ್ತಾ ಇಲ್ಲ.”

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಅವರ ಮಾತು ಹಿಡಿದು ಮತ್ತೆ ಕೇಳಿದೆ. ನಾನು ‘ಕಡೆ’ ಎಂದು ಹಾಡಿದ್ದು ‘ಕಾಡೇ’ ಆಗಿತ್ತು. ಡ್ರಮ್ಮಿನ ಏಟಿಗೆ ಸರಿಹೊಂದಲಿ ಅಂತ ಗಿಡ್ಡ ಸ್ವರವನ್ನು ಎಳೆದಿದ್ದೆ. ಇಂಗ್ಲಿಷಿನಲ್ಲಿ ಒಂದು ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ, ರಾಕ್ ಹಾಡಿನಲ್ಲಿ ಸ್ನೇರ್ ಡ್ರಮ್ಮಿನ ಚಟ್ ಅನ್ನುವ ಏಟು ಸಾಮಾನ್ಯವಾಗಿ ಅಂಥ ಒತ್ತಿನ ಮೇಲೇ ಬೀಳುತ್ತದೆ. ಕನ್ನಡ ನಡೆಯುವುದು ಒತ್ತಿನಿಂದಲ್ಲ, ಉದ್ದದಿಂದ. ಲಘು ಒಂದು ಮಾತ್ರೆ, ಗುರು ಎರಡು. ಉದ್ದ ಕೆಡಿಸಿದರೆ ಕಲ್ಲು ಕಾಲಾಗುತ್ತದೆ, ಕಡೆ ಕಾಡಾಗುತ್ತದೆ. ಗಿಟಾರು ಎಷ್ಟೇ ಚೆನ್ನಾಗಿದ್ದರೂ ಕೇಳುವವರು ಆ ಕ್ಷಣಕ್ಕೆ ಹಾಡಿನಿಂದ ಆಚೆ ಬೀಳುತ್ತಾರೆ.

ಆ ಸಂಜೆ ಅಪ್ಪ ಊಟದ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ನನ್ನ ಸಾಲನ್ನು ತಿದ್ದಿದರು. “ಕಟ್ಟ, ಮೂರು. ಕಡೆಯಲಿ, ನಾಲ್ಕು. ಬಂದ, ಮೂರು. ಬಸ್ಸಿಗೆ, ನಾಲ್ಕು. ಭಾಮಿನಿಯ ನಡಿಗೆ ತಾನೇ ಬರ್ತಾ ಇದೆ, ನೀನ್ಯಾಕೆ ಅದನ್ನ ಎಳೀತೀಯ?”

ಕುಮಾರವ್ಯಾಸ ತನ್ನ ಭಾರತವನ್ನು ಪೂರ್ತಿ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಮಾರ್ಕ್ಸ್ ತಗೊಂಡವರಿಗೆಲ್ಲ ಅದರ ಮೂರು-ನಾಲ್ಕು, ಮೂರು-ನಾಲ್ಕು ನೆನಪಿರುತ್ತದೆ. ಮೂರು ಪ್ಲಸ್ ನಾಲ್ಕು ಏಳು. ಕರ್ನಾಟಕ ಸಂಗೀತದವರು ಅದನ್ನೇ ಮಿಶ್ರ ಚಾಪು ಅನ್ನುತ್ತಾರೆ. ರಾಕ್ ನುಡಿಸುವವರು 7/8 ಅನ್ನುತ್ತಾರೆ. ನಾನು ಹತ್ತು ವರ್ಷ ಗಿಟಾರು ನುಡಿಸಿದ್ದೆ, ಶಾಲೆಯಲ್ಲಿ ನೂರಾರು ಪ್ರಸ್ತಾರ ಹಾಕಿದ್ದೆ. ಎರಡೂ ಒಂದೇ ಅಂತ ತಲೆಗೆ ಹೊಳೆದದ್ದು ಆ ಮೇಜಿನ ಹತ್ತಿರ.

ಮಾರನೇ ವಾರ ರಿಫ್ಫನ್ನು ಬಿಚ್ಚಿ 7/8ಕ್ಕೆ ಮತ್ತೆ ಕಟ್ಟಿದೆವು.

ಕಟ್ಟ ಕಡೆಯಲಿ ಬಂದ ಬಸ್ಸಿಗೆ
ಕೈಯ ನೀಡಿದೆ, ನಿಲ್ಲಲಿಲ್ಲಾ

ಒಂದನೇ ಮಾತ್ರೆಗೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮು, ನಾಲ್ಕನೇ ಮಾತ್ರೆಗೆ ಸ್ನೇರು. ಸ್ನೇರಿನ ಏಟು ಸರಿಯಾಗಿ ‘ಕಡೆಯಲಿ’ಯ ಕ ಮೇಲೆ, ‘ಬಸ್ಸಿಗೆ’ಯ ಬ ಮೇಲೆ ಬೀಳುತ್ತದೆ. ಅದಕ್ಕೆ ಮುಂಚೆ ‘ಕಟ್ಟ’ದ ಟ್ಟ. ಟ್ ಅನ್ನುವಾಗ ನಾಲಿಗೆ ಒಂದು ಕ್ಷಣ ಉಸಿರನ್ನೇ ತಡೆಯುತ್ತದೆ ನೋಡಿ, ಆ ಕ್ಷಣ ಗಿಟಾರನ್ನೂ ಅಂಗೈಯಿಂದ ಒತ್ತಿ ನಿಲ್ಲಿಸಿದೆವು. ಎರಡನೇ ಸಾಲಿನ ಕೊನೆಯ ಲ ಮಾತ್ರ ಎಳೆದು ಗುರು ಮಾಡಿದ್ದೇನೆ. ಪಾದದ ಕೊನೆಯಲ್ಲಿ ಅದಕ್ಕೆ ಜಾಗ ಇದೆ ಅಂತ ಅಪ್ಪ ಒಪ್ಪಿದರು. ಒಂದು ಪದವನ್ನೂ ಎಳೆದು ತುರುಕಬೇಕಾಗಲಿಲ್ಲ.

ಪಲ್ಲವಿ ಬೇರೆ. ಅಲ್ಲಿ ಬರೀ ‘ನಿಲ್ಲಿಸು ನಿಲ್ಲಿಸು’. ಪ್ರತಿ ಪದ ನಾಲ್ಕು ಮಾತ್ರೆ. ಹಾಗಾಗಿ ಪಲ್ಲವಿಗೆ ಬಂದಾಗ ಹಾಡು 4/4ಕ್ಕೆ ತಿರುಗುತ್ತದೆ. ಏಳರಲ್ಲಿ ಒಂಥರಾ ಕುಂಟುತ್ತಾ ಓಡುವ ಮನುಷ್ಯ ಎಂಟರಲ್ಲಿ ನಿಂತು ಕೂಗಿದ ಹಾಗೆ. ಚರಣ ಪಿಸುಗುಟ್ಟಬೇಕು, ಪಲ್ಲವಿ ಕಿರುಚಬೇಕು. ಆಲ್ಟರ್ನೇಟಿವ್ ರಾಕ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಈ ಏರಿಳಿತ.

ಡ್ರಮ್ಸ್ ಬಾರಿಸುವ ಗೆಳೆಯನಿಗೆ ಇದು ಕೈಗೆ ಕೂರಲು ಎರಡು ತಿಂಗಳು ಬೇಕಾಯಿತು. ಎಣಿಸಿದರೆ ತಪ್ಪುತ್ತಿತ್ತು. ಕೊನೆಗೆ ಎಣಿಸೋದು ಬಿಟ್ಟು ಸಾಲನ್ನು ಬಾಯಲ್ಲಿ ಹೇಳಿಕೊಂಡು ಬಾರಿಸಿದ, ಕೂತಿತು. ರೆಕಾರ್ಡ್ ಮಾಡುವಾಗ ಲಯ ತಪ್ಪದಿರಲು ಕಿವಿಗೆ ಹಾಕಿಕೊಳ್ಳುವ ಟಿಕ್ ಟಿಕ್, ಅಂದರೆ ಕ್ಲಿಕ್ ಟ್ರ್ಯಾಕಿನಲ್ಲೂ ಜೋರು ಸದ್ದನ್ನು 1 ಮತ್ತು 4ಕ್ಕೆ ಇಟ್ಟೆವು. ಬರೀ ಒಂದಕ್ಕೆ ಇಟ್ಟರೆ ಮಧ್ಯದಲ್ಲಿ ದಾರಿ ತಪ್ಪುತ್ತದೆ.

ಡ್ರಮ್ಸ್‌ಗೆ ಮಾತ್ರ ಬೆಂಗಳೂರಿನಲ್ಲಿ ಒಂದು ದಿನ ಸ್ಟುಡಿಯೋ ತಗೊಂಡೆವು, ಎಂಟು ಮೈಕು. ತಲೆ ಮೇಲಿನ ಎರಡು ಮೈಕುಗಳಿಗೆ ಎಂಜಿನಿಯರ್ ಒಂದು ದಾರ ತಂದರು. ಅದರ ಒಂದು ತುದಿಯನ್ನು ಸ್ನೇರಿನ ನಡುವೆ ಬೆರಳಿನಿಂದ ಒತ್ತಿ ಹಿಡಿಯಲು ನನಗೆ ಹೇಳಿ, ಇನ್ನೊಂದು ತುದಿಯನ್ನು ಮೊದಲು ಎಡ ಮೈಕಿಗೆ, ಆಮೇಲೆ ಬಲ ಮೈಕಿಗೆ ಎಳೆದರು. ದಾರ ಎರಡು ಕಡೆಯೂ ಸಮ ಬರುವ ತನಕ ಸ್ಟ್ಯಾಂಡನ್ನು ಚೂರು ಚೂರೇ ಸರಿಸಿದರು. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಮೈಕು ದೂರ ಇದ್ದರೆ ಅದೇ ಏಟು ಎರಡು ಸಲ, ಚೂರು ಹಿಂದೆ ಮುಂದೆ ದಾಖಲಾಗಿ ಸ್ನೇರು ತೆಳ್ಳಗಾಗುತ್ತದೆ. ದುಡ್ಡು ಖರ್ಚಿಲ್ಲದ ಈ ಕೆಲಸ ನಮ್ಮ ಡ್ರಮ್ಸ್‌ಗೆ ಕೊಟ್ಟ ತೂಕವನ್ನು ಕಂಪ್ಯೂಟರಿನಲ್ಲಿ ಸದ್ದು ತಿದ್ದುವ ಯಾವ ಪ್ಲಗಿನ್ನೂ ಕೊಟ್ಟಿಲ್ಲ.

ಮಿಕ್ಕಿದ್ದೆಲ್ಲ ಮನೆಯಲ್ಲಿ. ಗಿಟಾರಿಗೆ ಆಂಪ್ ಮುಂದೆ ಒಂದೇ ಮೈಕು, ಸ್ಪೀಕರಿನ ನಡುವಿನ ಗುಂಡು ಮುಚ್ಚಳದ ಅಂಚಿಗೆ. ಚರಣದಲ್ಲಿ ಒಂದು ಗಿಟಾರು ನಡುವೆ. ಪಲ್ಲವಿಯಲ್ಲಿ ಅದೇ ರಿಫ್ಫನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಕ್ಕೊಂದು ಬಲಕ್ಕೊಂದು. ಕಾಪಿ ಪೇಸ್ಟ್ ಮಾಡಿದರೆ ಆ ಅಗಲ ಬರುವುದಿಲ್ಲ. ಬೇಸ್ ಗಿಟಾರನ್ನು ಮೈಕಿಲ್ಲದೆ ನೇರ ಇಂಟರ್ಫೇಸಿಗೆ, ಅಂದರೆ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಗೆ ಕೊಟ್ಟೆವು.

ಹಾಡಿದ್ದು ರಾತ್ರಿ ಎರಡರ ಮೇಲೆ, ಫ್ಯಾನ್ ಆರಿಸಿ, ಬೆನ್ನ ಹಿಂದೆ ಎರಡು ಕಂಬಳಿ ನೇತುಹಾಕಿ. ‘ಬಸ್ಸಿಗೆ’ಯ ಸ್ಸ ಮೈಕಿನಲ್ಲಿ ಹಾವು ಬುಸುಗುಟ್ಟಿದ ಹಾಗೆ ಬರುತ್ತಿತ್ತು. ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ, ಉಳಿದದ್ದನ್ನು ಸಕಾರದ ಸದ್ದು ತಗ್ಗಿಸುವ ಡಿ-ಎಸ್ಸರ್ ನೋಡಿಕೊಂಡಿತು. ಮಿಕ್ಸಿಂಗ್‌ನಲ್ಲಿ ಪಲ್ಲವಿಯ ಗಿಟಾರುಗಳನ್ನು 2ರಿಂದ 3 ಕಿಲೋಹರ್ಟ್ಸ್ ಸುತ್ತ 3 ಡಿಬಿ ಇಳಿಸಿದೆ. ನಮ್ಮ ವ್ಯಂಜನಗಳು ಬಿಡಿಬಿಡಿಯಾಗಿ ಕೇಳಿಸುವ ಜಾಗ ಅದು, ಡಿಸ್ಟಾರ್ಷನ್ ಕೂಡ ಅಲ್ಲೇ ಬಂದು ಕೂರುತ್ತದೆ.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ ಮಾಡುವ ಕೆಲಸ, ಹೊರಗೆ ಕೊಟ್ಟೆವು. ವಾಪಸ್ ಬಂದ ಫೈಲು ಸುಮಾರು ಮೈನಸ್ 7 ಎಲ್‌ಯುಎಫ್‌ಎಸ್ ಇತ್ತು (ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ ಇದು, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ತುಂಬಾ ಜೋರು. ಮೊದಲ ಸಲ ಕೇಳಿ ಎಲ್ಲರೂ ಖುಷಿಪಟ್ಟೆವು. ಎರಡನೇ ಸಲ ಬೇಸ್ ನುಡಿಸುವ ಗೆಳತಿ ಕೇಳಿದಳು: “ಪಲ್ಲವಿ ಬಂದಾಗ ಎದೆ ಝಲ್ ಅನ್ನಬೇಕಿತ್ತು ಅಲ್ವಾ?” ನಿಜ, ಅನ್ನಲಿಲ್ಲ. ಎಲ್ಲವನ್ನೂ ಚಾವಣಿಗೆ ತಳ್ಳಿದರೆ ಪಿಸುಮಾತೂ ಕಿರುಚಿದಷ್ಟೇ ಜೋರಾಗುತ್ತದೆ. ಸಾಲದ್ದಕ್ಕೆ ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನೆಲ್ಲ ಮೈನಸ್ 14ರ ಸುತ್ತ ತಂದು ನಿಲ್ಲಿಸುತ್ತದೆ. ಜೋರು ಮಾಡಿದ ಲಾಭ ಹೋಗಿ ನಷ್ಟ ಮಾತ್ರ ಉಳಿಯುತ್ತದೆ. ಮೈನಸ್ 11ಕ್ಕೆ ಇಳಿಸಿ, ಪೀಕ್ ಮೈನಸ್ 1 ಡಿಬಿ ದಾಟದ ಹಾಗೆ ಮತ್ತೆ ಮಾಡಿಸಿದೆವು. ಝಲ್ ವಾಪಸ್ ಬಂತು.

ಇನ್ನು ಬಿಡುಗಡೆ. ಇದರ ಬಗ್ಗೆ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೈಲು ಕಳಿಸುವ ಮುಂಚೆ ಒಂದು ಹಾಳೆಯಲ್ಲಿ ಯಾರದು ಎಷ್ಟು ಪಾಲು ಅಂತ ಬರೆದು ಸಹಿ ಹಾಕಿದೆವು. ಸಾಹಿತ್ಯದಲ್ಲಿ ಅಪ್ಪನಿಗೂ ಪಾಲು. ಅವರು ಎರಡು ಸಲ ಬೇಡ ಅಂದರು, ಮೂರನೇ ಸಲ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಹಾಡಿನ ಸಾಹಿತ್ಯ-ಸಂಗೀತದ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಮೊದಲನೆಯದಕ್ಕೆ, ಹಾಡು ಬರೆದವರಿಗೆ ರಾಯಲ್ಟಿ ಸಂಗ್ರಹಿಸಿಕೊಡುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ನೋಂದಾಯಿಸಬೇಕು. ಎರಡನೆಯದಕ್ಕೆ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಬರುತ್ತದೆ, ಅದನ್ನು ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಹೆಚ್ಚಿನ ವಿತರಕರು ತಾವೇ ಕೊಡುತ್ತಾರೆ. ಕವರ್ ಚಿತ್ರ 3000 ಪಿಕ್ಸೆಲ್ ಚೌಕ. ಬಿಡುಗಡೆಗೆ ಶುಕ್ರವಾರ ಆರಿಸಿದೆವು. ಶುಕ್ರವಾರವೇ ಯಾಕೆ ಅಂದರೆ 2015ರಿಂದ ಜಗತ್ತಿನ ತುಂಬಾ ಹೊಸ ಹಾಡುಗಳ ದಿನ ಅದು. ಸ್ಪಾಟಿಫೈಗೆ ಕನಿಷ್ಠ 7 ದಿನ ಮುಂಚೆ ಹಾಡನ್ನು ಪಿಚ್ ಮಾಡಬೇಕು, ಅಂದರೆ ಪ್ಲೇಲಿಸ್ಟಿಗೆ ಪರಿಗಣಿಸಿ ಅಂತ ಕಳಿಸಬೇಕು. ನಾವು ನಾಲ್ಕು ವಾರ ಇಟ್ಟುಕೊಂಡಿದ್ದೆವು.

ಇಷ್ಟಾದರೂ ಆ ಶುಕ್ರವಾರ ಬೆಳಗ್ಗೆ ನಮ್ಮ ಹಾಡು ಇನ್ಯಾವುದೋ ದೇಶದ, ನಮ್ಮದೇ ಹೆಸರಿನ ಬ್ಯಾಂಡಿನ ಪುಟದಲ್ಲಿ ಕಾಣಿಸಿಕೊಂಡಿತು. ಅಪ್‌ಲೋಡ್ ಮಾಡುವಾಗ ಹೊಸ ಕಲಾವಿದರು ಅಂತ ಗುರುತು ಮಾಡಿದ್ದೆವು, ಕೆಲಸಕ್ಕೆ ಬರಲಿಲ್ಲ. ಸರಿಯಾಗಲು 9 ದಿನ. ಮೊದಲ ವಾರ ಹಾಗೇ ಹೋಯಿತು, ತುಂಬಾ ನೋವಾಯಿತು. ಇನ್ನೊಂದು ಸಂಗತಿ: ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೆವು, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದವರಿಗೆ ಸಿಗಲಿಲ್ಲ. ಹಾಗಂತ ಕನ್ನಡ ಲಿಪಿ ಬಿಡಲಿಲ್ಲ. ಯೂಟ್ಯೂಬ್ ವಿಡಿಯೋದ ಹೆಸರಿನಲ್ಲಿ ಎರಡನ್ನೂ ಹಾಕಿದೆವು. ಸಾಹಿತ್ಯವನ್ನೂ ಕನ್ನಡದಲ್ಲೇ ಸೇರಿಸಿದೆವು, ‘ನಿಲ್ಲಿಸು’ ಅನ್ನುವುದು ಪರದೆ ಮೇಲೆ ನಮ್ಮ ಅಕ್ಷರದಲ್ಲೇ ಓಡಬೇಕು ಅಂತ.

ಮೂರನೇ ವಾರ ಕುಂದಾಪುರದ ಕಡೆಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಯಕ್ಷಗಾನಕ್ಕೆ ಮದ್ದಳೆ ನುಡಿಸುವವರಂತೆ. “ನಿಮ್ಮ ಚರಣ ಏಳು ಅಕ್ಷರ ಅಲ್ದಾ? ನಮ್ಮ ತ್ರಿವುಡೆ ತಾಳವೂ ಏಳೇ. ಒಮ್ಮೆ ಕೇಣಿ” ಎಂದು, ಫೋನಿನಲ್ಲಿ ನಮ್ಮ ಹಾಡು ಹಾಕಿಕೊಂಡು ಅದರ ಜೊತೆ ನುಡಿಸಿ ಕಳಿಸಿದ್ದರು. ಟ್ಟ ಇರುವ ಕಡೆ, ನಾವು ಗಿಟಾರು ಒತ್ತಿ ಖಾಲಿ ಬಿಟ್ಟಿದ್ದ ಆ ಚೂರು ಜಾಗದಲ್ಲಿ, ಅವರ ಬಲಗೈಯ ಒಂದೇ ಒಂದು ಸಣ್ಣ ಪೆಟ್ಟು ಬೀಳುತ್ತದೆ. ಡ್ರಮ್ಸ್ ಗೆಳೆಯ ಅದನ್ನು ಇಪ್ಪತ್ತು ಸಲ ಕೇಳಿರಬೇಕು. ಈಗ ವೇದಿಕೆ ಮೇಲೆ ಅವನು ಆ ಜಾಗಕ್ಕೆ ಸ್ನೇರಿನ ಅಂಚಿನ ಮೇಲೆ ಕಡ್ಡಿಯಿಂದ ಮೆಲ್ಲಗೆ ಒಂದು ಸಲ ತಟ್ಟುತ್ತಾನೆ.