ಸಕ್ಕರೆ ಲೇಸು, ಜುಲೈ ಮಳೆ

ಮೊದಲ ಸಲ ಲೇಸ್ ಕೇಕಿನ, ಅಂದ್ರೆ ಸಕ್ಕರೆ ಐಸಿಂಗಿನ ಎಳೆಗಳಿಂದ ಲೇಸಿನ ಹಾಗೆ ಹೆಣೆದ ತುಂಡುಗಳಿಂದ ಅಲಂಕರಿಸುವ ಕೇಕಿನ ಆರ್ಡರ್ ಒಪ್ಪಿಕೊಂಡಾಗ ನನಗಿದ್ದ ಧೈರ್ಯವೆಲ್ಲ ಮೆಹಂದಿಯದು. ಕಾಲೇಜಿನ ದಿನಗಳಿಂದ ಮದುವೆ ಮನೆಗಳಲ್ಲಿ ಮೆಹಂದಿ ಹಾಕಿದವಳು ನಾನು. ಕೋನ್ ಸುತ್ತೋದು, ತುದಿ ಎಷ್ಟು ಕತ್ತರಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋದೆಲ್ಲ ಕೈಗೇ ಗೊತ್ತಿತ್ತು. ಐಸಿಂಗ್ ಏನು ಮಹಾ ಅಂದುಕೊಂಡೆ. ಕೈಯೇನೋ ಕೆಡಲಿಲ್ಲ, ಮಿಕ್ಕಿದ್ದೆಲ್ಲ ಕೆಟ್ಟಿತು.

ಅದು ಜುಲೈ. ಬಸವನಗುಡಿಯ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಾಲ. ನಿಶ್ಚಿತಾರ್ಥದ ಕೇಕ್, ಫ್ರೆಶ್ ಕ್ರೀಮೇ ಬೇಕು ಅಂತ ಹುಡುಗಿಯ ಅಮ್ಮ ಹೇಳಿದ್ದರು. ಹಿಂದಿನ ರಾತ್ರಿ ಕೂತು ರಾಯಲ್ ಐಸಿಂಗ್‌ನಲ್ಲಿ 30 ಲೇಸ್ ತುಂಡು ಮಾಡಿ, ಬೆಳಿಗ್ಗೆ ಅವನ್ನು ಕ್ರೀಮಿನ ಸುತ್ತ ಸಿಕ್ಕಿಸಿ, ನಾಲ್ಕು ಫೋಟೋ ತೆಗೆದು, ಕೇಕನ್ನು ಫ್ರಿಜ್ಜಿನಲ್ಲಿಟ್ಟೆ. ಸಂಜೆ ಬಾಗಿಲು ತೆಗೆದರೆ ಅರ್ಧ ಲೇಸು ಕ್ರೀಮಿನೊಳಗೇ ಕರಗಿತ್ತು, ಇನ್ನರ್ಧ ನೆನೆದ ಹಪ್ಪಳದ ಹಾಗೆ ಬಾಗಿತ್ತು. ಎಲ್ಲ ಕಿತ್ತುಹಾಕಿ, ಗುಲಾಬಿ ಎಸಳು ಉದುರಿಸಿ ಕೊಟ್ಟೆ. ಲೇಸಿನ ದುಡ್ಡು ತಗೊಳ್ಳಲಿಲ್ಲ.

ಯೋಚಿಸಿದರೆ ಸುಲಭದ ವಿಷಯ. ರಾಯಲ್ ಐಸಿಂಗ್ ಅಂದ್ರೆ ಮೊಟ್ಟೆಯ ಬಿಳಿ ಮತ್ತು ಐಸಿಂಗ್ ಸಕ್ಕರೆ, ಅಷ್ಟೆ. ನೀರು ಆರಿದ್ದಕ್ಕೆ ಅದು ಗಟ್ಟಿಯಾಗುತ್ತದೆ. ಮತ್ತೆ ನೀರು ಸಿಕ್ಕರೆ ಕರಗದೆ ಏನು ಮಾಡೀತು? ಕ್ರೀಮಿನಲ್ಲಿ ನೀರು, ಫ್ರಿಜ್ಜಿನಲ್ಲಿ ತೇವ, ಹೊರಗೆ ತೆಗೆದ ತಕ್ಷಣ ಕೇಕಿನ ಮೈಮೇಲೆ ಬೆವರು. ಈಗ ನಾನು ಲೇಸ್ ಹಾಕೋದು ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಕಣಕ) ಹೊದಿಸಿದ ಕೇಕಿಗೆ ಮಾತ್ರ, ಅದನ್ನು ಫ್ರಿಜ್ಜಿಗೆ ಇಡೋದೇ ಇಲ್ಲ. ಕ್ರೀಮೇ ಬೇಕು ಅಂತ ಹಟ ಹಿಡಿದರೆ, ಕೇಕ್ ಕತ್ತರಿಸುವ ಹತ್ತು ನಿಮಿಷ ಮುಂಚೆ ನಾನೇ ಹೋಗಿ ಸಿಕ್ಕಿಸಿ ಬರುತ್ತೇನೆ. ಅದಕ್ಕೆ ಬೇರೆ ಚಾರ್ಜ್!

ಐಸಿಂಗ್ ಕಲಸೋದಕ್ಕೆ ಬರೋಣ. ಒಂದು ಮೊಟ್ಟೆಯ ಬಿಳಿ ಸುಮಾರು 30 ಗ್ರಾಂ ಇರುತ್ತದೆ, ಅದಕ್ಕೆ ನಾನು 180ರಿಂದ 200 ಗ್ರಾಂ ಐಸಿಂಗ್ ಸಕ್ಕರೆ ಹಾಕುತ್ತೇನೆ. ಹಸಿ ಮೊಟ್ಟೆ ಬೇಡ ಅನ್ನೋರು ಪೊಟ್ಟಣದ ಮೇಲಿನ ಅಳತೆಯಂತೆ ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆ ಬಿಳಿಯ ಪುಡಿ) ಬಳಸಬಹುದು, ನಾನೂ ಆರ್ಡರಿಗೆ ಅದನ್ನೇ ಬಳಸೋದು. ಬೀಟರ್ ನಿಧಾನಕ್ಕೆ ತಿರುಗಲಿ. ಜೋರಾಗಿ ಹೊಡೆದರೆ ಗಾಳಿ ತುಂಬುತ್ತದೆ, ಆಮೇಲೆ ಎಳೆ ಎಳೆಯುವಾಗ ಪ್ರತಿ ಗುಳ್ಳೆಗೂ ಒಂದೊಂದು ಸಲ ಕಡಿಯುತ್ತದೆ. ಪಾತ್ರೆಯಲ್ಲಿ ಎಣ್ಣೆ ಜಿಡ್ಡು ಇರಲೇಬಾರದು. ಕೇಕಿಗೆ ಹೊದಿಸುವ ಐಸಿಂಗಿಗೆ ಚಾಕು ಇಳಿಯಲಿ ಅಂತ ಗ್ಲಿಸರಿನ್ ಹಾಕುತ್ತಾರಲ್ಲ, ಲೇಸಿಗೆ ಅದು ಬೇಡವೇ ಬೇಡ, ಮೆತ್ತಗೇ ಉಳಿದುಬಿಡುತ್ತದೆ. ಕಾಲು ಟೀ ಚಮಚ ಲಿಕ್ವಿಡ್ ಗ್ಲೂಕೋಸ್ ಹಾಕಿದರೆ ಎಳೆ ಚೆನ್ನಾಗಿ ಜಗ್ಗುತ್ತದೆ.

ನನ್ನ ಅರ್ಧ ಗೋಳು ನಾಝಲ್, ಅಂದ್ರೆ ಐಸಿಂಗ್ ಕೋನಿನ ತುದಿಗೆ ಹಾಕುವ ಮೂತಿ, ಕಟ್ಟಿಕೊಳ್ಳೋದು. ಲೇಸಿಗೆ ಬೇಕಾದ್ದು 0 ಅಥವಾ 1 ನಂಬರ್, ಸೂಜಿ ತೂತಿನಷ್ಟು ಸಣ್ಣದು. ಸಕ್ಕರೆಯ ಒಂದು ಕಾಳು ಸಾಕು, ಕೆಲಸ ನಿಂತಿತು. ಹಿಟ್ಟಿನ ಜರಡಿಯಿಂದ ಏನೂ ಆಗಲಿಲ್ಲ. ಕೊನೆಗೆ ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಆರ್ಗಂಜಾ ಬಟ್ಟೆ ತಂದು, ಚೆನ್ನಾಗಿ ಒಗೆದು ಒಣಗಿಸಿ, ಸಕ್ಕರೆಯನ್ನು ಅದರಲ್ಲಿ ಸೋಸಿದೆ. ಬಟ್ಟೆಯಲ್ಲಿ ಉಳಿದ ತರಿ ನೋಡಿದಾಗ ಇಷ್ಟು ದಿನ ನಾಝಲ್‌ಗೆ ಬೈದಿದ್ದು ಸುಮ್ನೆ ಅನ್ನಿಸಿತು.

ಡಿಸೈನ್ ಸಿಕ್ಕಿದ್ದು ಅತ್ತೆಯ ಟ್ರಂಕಿನಲ್ಲಿ. ಹಳೇ ಟೀವಿಗೆ ಅವರೇ ಕ್ರೋಶಾ ಹಾಕಿದ ಕವರಿನ ಅಂಚು. ಅದನ್ನು ಪೇಪರ್ ಮೇಲೆ ಬರೆದುಕೊಂಡೆ. ಒಂದೊಂದು ತುಂಡೂ ಎರಡೂವರೆ ಸೆಂಟಿಮೀಟರ್ ಅಗಲ. ಲೇಸಿನಲ್ಲಿ ಯಾವ ಎಳೆಯೂ ಒಂಟಿಯಾಗಿ ಇರಬಾರದು, ಎರಡೂ ತುದಿ ಇನ್ನೊಂದು ಎಳೆಗೆ ತಾಗಿರಬೇಕು. ಇಲ್ಲದಿದ್ದರೆ ಎತ್ತುವಾಗ ಅಲ್ಲೇ ಮುರಿಯುತ್ತದೆ. ಡಿಸೈನ್ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಇಟ್ಟು, ಅದರ ಮೇಲೆ ಪೈಪ್ ಮಾಡೋದು, ಅಂದ್ರೆ ಕೋನ್ ಒತ್ತಿ ಐಸಿಂಗಿನ ಎಳೆ ಬಿಡೋದು.

ಮೆಹಂದಿ ಉಪಯೋಗಕ್ಕೆ ಬಂದಿದ್ದು ಇಲ್ಲೇ. ಹೊಸಬರು ನಾಝಲ್ ತುದಿಯನ್ನು ಶೀಟಿಗೆ ಒತ್ತಿ ಪೆನ್ನಿನಿಂದ ಬರೆದ ಹಾಗೆ ಎಳೆಯುತ್ತಾರೆ, ಗೆರೆ ಚಪ್ಪಟೆಯಾಗಿ ನಡುಗುತ್ತದೆ. ತುದಿ ತಾಗಿಸಿ, ಸ್ವಲ್ಪ ಒತ್ತಿ, ಐಸಿಂಗ್ ಅಂಟಿಕೊಂಡ ಮೇಲೆ ಕೈ ಒಂದೆರಡು ಸೆಂಟಿಮೀಟರ್ ಮೇಲೆತ್ತಿ. ಎಳೆ ಗಾಳಿಯಲ್ಲಿ ತೂಗುತ್ತಿರುತ್ತದೆ, ಅದನ್ನು ಗೆರೆಯ ಮೇಲೆ ಮಲಗಿಸುತ್ತಾ ಹೋಗಬೇಕು. ಮುಟ್ಟಿಸುವ ಮುಂಚೆಯೇ ಒತ್ತೋದು ನಿಲ್ಲಿಸಿ, ಇಲ್ಲದಿದ್ದರೆ ಕೊನೆಯಲ್ಲಿ ಒಂದು ಗುಂಡು ಕೂರುತ್ತದೆ. ಎಡಗೈ ಬೆರಳು ಬಲಗೈಗೆ ಆಸರೆ. ನಾನಂತೂ ಉಸಿರು ಬಿಗಿಹಿಡಿದೇ ಮಾಡೋದು, ಅದು ಒಳ್ಳೇದಲ್ಲ ಅಂತ ಗೊತ್ತು.

8 ಇಂಚಿನ ಕೇಕಿನ ಸುತ್ತಳತೆ ಸುಮಾರು 64 ಸೆಂಟಿಮೀಟರ್, ಅಂದ್ರೆ 25 ತುಂಡು ಸಾಕು. ನಾನು 50 ಮಾಡುತ್ತೇನೆ. ಜಾಸ್ತಿ ಅನ್ನಿಸಬಹುದು, ಎತ್ತುವಾಗ ಗೊತ್ತಾಗುತ್ತೆ. ರಾತ್ರಿಯಿಡೀ ಒಣಗಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿಯೇ ಒಣಗಿಸಿಬಿಡುತ್ತದೆ, ಮಳೆಗಾಲದಲ್ಲಿ ಟೇಬಲ್ ಲ್ಯಾಂಪ್ ಕೆಳಗೆ ಇಡುತ್ತೇನೆ. ಆಮೇಲೆ ಶೀಟನ್ನು ಮೇಜಿನ ಅಂಚಿಗೆ ತಂದು ಕೆಳಮುಖವಾಗಿ ಮೆಲ್ಲಗೆ ಎಳೆದರೆ ತುಂಡು ತಾನಾಗಿ ಬಿಟ್ಟುಕೊಂಡು ಮೇಜಿನ ಮೇಲೆ ಉಳಿಯುತ್ತದೆ. ಕೈಯಿಂದ ಕೀಳೋದಕ್ಕೆ ಹೋದರೆ ಕಥೆ ಮುಗೀತು. ಕೇಕಿಗೆ ಅಂಟಿಸಲು ಅದೇ ಐಸಿಂಗಿನ ಎರಡು ಚುಕ್ಕೆ ಸಾಕು.

ಎಗ್‌ಲೆಸ್ ಕೇಳೋರೂ ಇದ್ದಾರೆ, ನಮ್ಮ ಏರಿಯಾದಲ್ಲಂತೂ ಅವರೇ ಜಾಸ್ತಿ. ಕಾಬೂಲ್ ಕಡಲೆ ಬೇಯಿಸಿದ ನೀರನ್ನು ಕುದಿಸಿ ಅರ್ಧಕ್ಕೆ ಇಳಿಸಿ, ತಣ್ಣಗಾದ ಮೇಲೆ ಮೊಟ್ಟೆಯ ಬದಲು ಬಳಸುತ್ತೇನೆ. ನನ್ನ ಕೈಯಲ್ಲಿ ಅದು ಸ್ವಲ್ಪ ಮೆದುವಾಗಿಯೇ ಬರುತ್ತದೆ, ಹಾಗಾಗಿ 2 ನಂಬರ್ ನಾಝಲ್, ದಪ್ಪ ಎಳೆ, ಎರಡು ರಾತ್ರಿ ಒಣಗಿಸೋದು. ಸಿಲಿಕಾನ್ ಮ್ಯಾಟಿನಲ್ಲಿ ಸವರಿ ತೆಗೆಯುವ ರಬ್ಬರಿನಂಥ ಲೇಸೂ ಇದೆ. ಬೇಗ ಆಗುತ್ತೆ, ಮುರಿಯಲ್ಲ, ನನಗೆ ಮಾತ್ರ ಅದು ಪ್ಲಾಸ್ಟಿಕ್ ಟೇಬಲ್ ಕ್ಲಾತ್ ಥರ ಕಾಣುತ್ತೆ.

ಕಳೆದ ತಿಂಗಳು ವೈಟ್‌ಫೀಲ್ಡ್‌ಗೆ ಒಂದು ಕೇಕ್ ಹೋಯಿತು. ಲೇಸನ್ನು ಬೇರೆ ಡಬ್ಬಿಯಲ್ಲಿ ಹತ್ತಿ ಹಾಸಿ, ತೊಡೆ ಮೇಲೆ ಇಟ್ಟುಕೊಂಡೇ ಹೋದೆ. ಪ್ರತಿ ಹಂಪ್ ಬಂದಾಗಲೂ ಡ್ರೈವರ್ ತಾವಾಗೇ "ನಿಧಾನಕ್ಕೆ ಹೋಗ್ತೀನಿ ಮೇಡಂ" ಅನ್ನುತ್ತಿದ್ದರು. 50ರಲ್ಲಿ 41 ಉಳಿದಿತ್ತು. 25 ಅಂಟಿಸಿ, ಮಿಕ್ಕಿದ್ದನ್ನು ಆ ಮನೆಯ ಮಕ್ಕಳಿಗೆ ಕೊಟ್ಟೆ. ಎರಡೇ ನಿಮಿಷದಲ್ಲಿ ಕರುಮ್ ಕರುಮ್ ಅಂತ ಖಾಲಿ ಮಾಡಿದರು.