ಎದುರು ಕೂತ ದನಿ

ಸ ಗ ರಿ ಸ ಮ ಗ ಪ ಮ ಗ ರಿ ಸ.

ಈ ಹನ್ನೊಂದು ಸ್ವರಗಳ ಜೊತೆ ನಾನು ಹತ್ತಿರ ಹತ್ತಿರ ಮೂರು ತಿಂಗಳು ಕಳೆದಿದ್ದೇನೆ. ಖರಹರಪ್ರಿಯ ರಾಗದ ಸ್ವರಗಳನ್ನು ಹಿಡಿದು, ಗಮಕ ಗಿಮಕ ಏನೂ ಇಲ್ಲದೆ, ಎಲ್ಲಕ್ಕೂ ಒಂದೇ ಅಳತೆ ಕೊಟ್ಟು ನಿಧಾನವಾಗಿ ಹಾಡಿ ನೋಡಿ. ವಿಶೇಷ ಅನ್ನಿಸುವುದಿಲ್ಲ. ವಿಯೆನ್ನಾ ಆಸ್ಥಾನದ ಸಂಗೀತದ ಹೊಣೆ ಹೊತ್ತಿದ್ದ ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪಠ್ಯಪುಸ್ತಕ ತಂದ. ಅದರ ಮೊದಲ ಪಾಠದಲ್ಲಿ ಗುರು ಶಿಷ್ಯನಿಗೆ ಕೊಡುವ ಸಾಲು ಇದು. ಪುಸ್ತಕದಲ್ಲಿ ಇದು ‘ಡಿ’ ಎಂಬ ಪಾಶ್ಚಾತ್ಯ ಸ್ವರದಿಂದ ಶುರುವಾಗುತ್ತದೆ. ನಾನು ಡಿಯನ್ನೇ ಸ ಮಾಡಿಕೊಂಡೆ, ಅಷ್ಟೆ.

ಈ ಸಾಲನ್ನು ಮುಟ್ಟುವ ಹಾಗಿಲ್ಲ. ಇದರ ಮೇಲೆ ಇನ್ನೊಂದು ಸಾಲು ಬರೆಯಬೇಕು, ಒಂದು ಸ್ವರಕ್ಕೆ ಒಂದು ಸ್ವರ. ಎರಡನ್ನೂ ಒಟ್ಟಿಗೆ ನುಡಿಸಿದರೆ ಹೊಂದಬೇಕು. ಬಿಡಿಬಿಡಿಯಾಗಿ ಹಾಡಿದರೆ ಒಂದೊಂದೂ ತನ್ನಷ್ಟಕ್ಕೆ ಒಂದು ಹಾಡಾಗಬೇಕು. ಕೌಂಟರ್‌ಪಾಯಿಂಟ್ ಅಂದರೆ ಮೂಲದಲ್ಲಿ ಇಷ್ಟೇ. ಹೆಸರು ಬಂದದ್ದು ಲ್ಯಾಟಿನ್‌ನ ‘ಪುಂಕ್ಟುಸ್ ಕೊಂತ್ರಾ ಪುಂಕ್ಟುಮ್’ನಿಂದ: ಚುಕ್ಕಿಯ ಎದುರು ಚುಕ್ಕಿ. ಚುಕ್ಕಿ ಅಂದರೆ ಬರೆದಿಟ್ಟ ಸ್ವರ.

ಈ ‘ಎದುರು’ ಅನ್ನುವುದರಲ್ಲೇ ನಾನು ಮೊದಲು ಎಡವಿದ್ದು. ಟಿವಿ ಚರ್ಚೆಗಳಲ್ಲಿ ಕೌಂಟರ್‌ಪಾಯಿಂಟ್ ಅಂದರೆ ಎದುರುವಾದ. ಅವನು ಹೌದು ಅಂದರೆ ಇವನು ಅಲ್ಲ ಅನ್ನಬೇಕು. ನನ್ನ ತಲೆಯಲ್ಲೂ ಅದೇ ಇತ್ತು. ಆದರೆ ಕನ್ನಡದಲ್ಲಿ ಎದುರಾಡುವುದು ಬೇರೆ, ಎದುರು ಕೂರುವುದು ಬೇರೆ, ಅಲ್ವಾ? ಎದುರು ಮನೆಯವರೆಲ್ಲ ನಮ್ಮ ವೈರಿಗಳಲ್ಲ. ಸಂಗೀತದಲ್ಲಿರುವುದು ಎರಡನೆಯ ಬಗೆಯ ಎದುರು.

ನಾನು ಸಂಗೀತಗಾರನಲ್ಲ. ಆಡಿಯೋ ನಾಟಕ ಬರೆಯುತ್ತೇನೆ, ಅದರ ಎಡಿಟಿಂಗೂ ನಾನೇ ಮಾಡುತ್ತೇನೆ. ಕೀಬೋರ್ಡ್ ಅಲ್ಪಸ್ವಲ್ಪ ಬರುತ್ತದೆ. ನನ್ನ ನಾಟಕಗಳಲ್ಲಿ ಪಾತ್ರಗಳೆಲ್ಲ ಒಂದೇ ಥರ ಮಾತಾಡುತ್ತವೆ ಅನ್ನುವ ದೂರು ಮೂರು ಸಲ ಮೂರು ಜನರಿಂದ ಬಂತು. ಅದೇ ಹೊತ್ತಿಗೆ ಒಬ್ಬ ಮೇಷ್ಟ್ರು ಸಿಕ್ಕರು. ಎರಡು ದನಿ ಬರೆಯೋದನ್ನ ಸ್ವರದಲ್ಲೇ ಕಲಿ, ಮಾತಿನಲ್ಲಿ ತಪ್ಪು ಬೇಗ ಕಾಣಲ್ಲ, ಸ್ವರದಲ್ಲಿ ಕಿವಿಗೇ ಹೊಡೆಯುತ್ತೆ ಅಂದರು.

ಮೊದಲ ದಿನ ನಾನು ಮಾಡಿದ ಜಾಣತನ ಇದು. ತಂಬೂರಿಯಲ್ಲಿ ಸ-ಪ ಎಷ್ಟು ಚೆನ್ನಾಗಿ ಹೊಂದುತ್ತವೆ! ಹಾಗಾಗಿ ಪ್ರತಿ ಸ್ವರದ ಮೇಲೂ ಅದರದರ ಪಂಚಮವನ್ನೇ, ಅಂದರೆ ಅದರಿಂದ ಎಣಿಸಿದರೆ ಐದನೆಯ ಸ್ವರವನ್ನೇ, ಇಟ್ಟುಬಿಟ್ಟೆ:

ಪ ನಿ ದ ಪ ಸ ನಿ ರಿ ಸ ನಿ ದ ಪ.

ನುಡಿಸಿದೆ. ಎಲ್ಲೂ ಅಪಸ್ವರ ಇಲ್ಲ. ಐದೇ ನಿಮಿಷದ ಕೆಲಸ. ಹೆಮ್ಮೆಯಿಂದ ತೋರಿಸಿದೆ. ಮೇಷ್ಟ್ರು ಒಂದು ಸಲ ನೋಡಿ ಹಾಳೆ ವಾಪಸ್ ಕೊಟ್ಟರು. “ನೀನು ಎರಡು ದನಿ ಬರೆದಿಲ್ಲ ಕಣೋ. ಒಂದೇ ದನಿಗೆ ಎರಡು ಅಂಗಿ ತೊಡಿಸಿದ್ದೀಯ.”

ಪಂಚಮಗಳು ಸಾಲಾಗಿ ಬರಬಾರದು ಅನ್ನುವ ನಿಯಮವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನನಗದು ಸುಮ್ನೆ ಹಳೆಯವರ ಮಡಿವಂತಿಕೆ ಅನ್ನಿಸಿತ್ತು. ಕಾರಣ ತಿಳಿದ ಮೇಲೆ ಹಾಗನ್ನಿಸಲಿಲ್ಲ. ಸ ಮತ್ತು ಪ ಕಂಪನಗಳ ಅನುಪಾತ 2:3. ಅಂದರೆ ಸ ಸ್ವರದ ಒಳಗೇ ಇರುವ ಮೂರನೆಯ ಅನುರಣನವೂ (ಮೂಲ ಕಂಪನದ ಮೂರು ಪಟ್ಟು) ಪ ಸ್ವರದ ಎರಡನೆಯ ಅನುರಣನವೂ (ಎರಡು ಪಟ್ಟು) ಒಂದೇ ಜಾಗದಲ್ಲಿ ಬೀಳುತ್ತವೆ. ಎರಡೂ ಒಟ್ಟೊಟ್ಟಿಗೆ ಏರಿ ಒಟ್ಟೊಟ್ಟಿಗೆ ಇಳಿದರೆ ಕಿವಿ ಅವನ್ನು ಒಂದೇ ದನಿ ಎಂದು ಲೆಕ್ಕ ಹಾಕುತ್ತದೆ. ಪೈಪ್ ಆರ್ಗನ್ ಮಾಡುವವರು ಇದನ್ನೇ ಬೇಕೆಂದು ಬಳಸುತ್ತಾರೆ. ಕೀಬೋರ್ಡಿನ ಒಂದು ಮನೆ ಒತ್ತಿದರೆ ಮೂಲ ಸ್ವರದ ಜೊತೆ ಮೇಲಿನ ಸ್ಥಾಯಿಯ ಪಂಚಮದ ಕೊಳವೆಯೂ ನುಡಿಯುವ ಏರ್ಪಾಡು ಅದರಲ್ಲಿದೆ. ಕೇಳುವವರಿಗೆ ಎರಡು ಸ್ವರ ಕೇಳಿಸುವುದಿಲ್ಲ, ಒಂದೇ ಸ್ವರ ಬೇರೆ ಬಣ್ಣದಲ್ಲಿ ಕೇಳಿಸುತ್ತದೆ. ಸಾಲು ಪಂಚಮ ಕೇಳಲು ಕೆಟ್ಟದ್ದೇನಲ್ಲ. ಎರಡು ಜನ ಬೇಕಿದ್ದ ಕಡೆ ಒಬ್ಬರೇ ಉಳಿಯುತ್ತಾರೆ, ತಕರಾರು ಅದು.

ಆಮೇಲೆ ಸುಮಾರು ಹಾಳೆ ಹಾಳಾದವು. ಕೆಳಗಿನ ದನಿ ಏರಿದರೆ ಮೇಲಿನದನ್ನು ಇಳಿಸು, ಅದು ಜಿಗಿದರೆ ಇದನ್ನು ನಿಲ್ಲಿಸು, ಮೇಲಿನ ಸಾಲಿಗೆ ಒಂದೇ ಒಂದು ಶಿಖರ ಇರಲಿ, ಜಿಗಿದ ಮೇಲೆ ತಿರುಗಿ ಬಾ. ಇಂಥ ಸಲಹೆಗಳೇ ಜಾಸ್ತಿ. ಕೊನೆಗೆ ಪಾಸಾದ ಸಾಲು ಇದು:

ಸ ಪ ನಿ ದ ದ ಸ ನಿ ರಿ ಸ ನಿ ಸ.

ಸ, ರಿ ಎರಡೂ ಮೇಲಿನ ಸ್ಥಾಯಿಯವು. ಕೊನೆಯ ನಿ ಮಾತ್ರ ಕಾಕಲಿ, ಅಂದರೆ ಅರ್ಧ ಮೆಟ್ಟಿಲು ಮೇಲಿನ ನಿ, ಸಾಲನ್ನು ಸ ಎಂಬ ಮನೆಗೆ ಸೇರಿಸುವುದಕ್ಕೆ. ಬರೀ ಇದನ್ನೇ ಹಾಡಿ ನೋಡಿ, ಕೆಳಗಿನ ಸಾಲನ್ನು ಮರೆತು. ಅಂಥ ಮಹಾ ಹಾಡೇನಲ್ಲ, ಆದರೆ ಅದಕ್ಕೆ ತನ್ನದೇ ಒಂದು ಹೋಗಬೇಕಾದ ಜಾಗ ಇದೆ. ಎಂಟನೆಯ ಸ್ವರದಲ್ಲಿ ರಿ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಕೆಳಗಿನ ಸಾಲು ತನ್ನ ಶಿಖರವಾದ ಪ ಮುಟ್ಟುವುದು ಏಳನೆಯದರಲ್ಲಿ. ಇಬ್ಬರೂ ಬೆಟ್ಟ ಹತ್ತುತ್ತಾರೆ, ತುದಿಗೆ ಬರುವ ಗಳಿಗೆ ಬೇರೆ.

ಇನ್ನೊಂದು ತಮಾಷೆ ಆಯಿತು. ಮೇಷ್ಟ್ರು ನನ್ನ ಸಾಲನ್ನು ಒಂದು ಸ್ಥಾಯಿ ಕೆಳಗಿಳಿಸಿ ಫುಕ್ಸ್‌ನ ಸಾಲಿನ ಅಡಿಯಲ್ಲಿ ನುಡಿಸಿದರು. ಅಲ್ಲೂ ಹೊಂದಿತು! ಅಂತರವನ್ನು ಎರಡೂ ತುದಿಯ ಸ್ವರ ಸೇರಿಸಿ ಎಣಿಸುತ್ತಾರೆ: ಸ-ಗ ಮೂರು, ಸ-ಪ ಐದು. ಹೀಗೆ ಬುಡಮೇಲು ಮಾಡಿದಾಗ ಮೂರನೆಯ ಅಂತರ ಆರನೆಯದಾಗುತ್ತದೆ, ಆರು ಮೂರಾಗುತ್ತದೆ. ಯಾವಾಗಲೂ ಒಟ್ಟು ಒಂಬತ್ತು. ಐದು ಮಾತ್ರ ನಾಲ್ಕಾಗುತ್ತದೆ, ಮತ್ತು ಎರಡೇ ದನಿ ಇರುವಾಗ ನಾಲ್ಕನ್ನು ಅಪಸ್ವರದ ಪಟ್ಟಿಗೆ ಸೇರಿಸುತ್ತಾರೆ. ಪುಸ್ತಕದಲ್ಲಿರುವ ಉತ್ತರದಲ್ಲಿ ಮೂರು ಕಡೆ ಐದನೆಯ ಅಂತರ ಇದೆ, ಹಾಗಾಗಿ ಅದನ್ನು ಹೀಗೆ ತಿರುಗಿಸಲು ಬರುವುದಿಲ್ಲ. ನನ್ನದರಲ್ಲಿ ಒಂದೂ ಇರಲಿಲ್ಲ. ಜಾಣತನದಿಂದ ಅಲ್ಲ. ಮೊದಲ ದಿನ ಬೈಸಿಕೊಂಡ ಮೇಲೆ ಪಂಚಮ ಅಂದರೇ ಹೆದರಿಕೆಯಾಗಿತ್ತು.

ಸ್ವರಕ್ಕೆ ಸ್ವರ ಆದ ಮೇಲೆ ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು. ಇವನ್ನು ನಾನು ಬೇಗ ದಾಟಿದೆ, ಹೇಳುವಂಥದ್ದೂ ಜಾಸ್ತಿ ಇಲ್ಲ. ಆಸ್ಟ್ರಿಯಾದ ಸಂಗೀತಕಾರ ಹೈಡನ್ ಫುಕ್ಸ್‌ನ ಈ ಪುಸ್ತಕವನ್ನು ಇಟ್ಟುಕೊಂಡು ತಾನೇ ಕಲಿತವನು. ಮುಂದೆ ತನ್ನ ಶಿಷ್ಯ ಬೀಥೋವನ್‌ಗೂ ಇದೇ ಅಭ್ಯಾಸಗಳನ್ನು ಕೊಟ್ಟ. ಅವು ಇವತ್ತಿಗೂ ಉಳಿದಿವೆ, ಅದರಲ್ಲಿ ಹೈಡನ್ ತಿದ್ದದೆ ಬಿಟ್ಟ ತಪ್ಪುಗಳೂ ಇವೆ. ಇದು ತಿಳಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಮೇಷ್ಟ್ರಿಗೂ ಹೇಳಿದೆ. ಅವರು ನಗಲಿಲ್ಲ.

ನಾನು ನಿಂತುಬಿಟ್ಟಿದ್ದು ನಾಲ್ಕನೆಯ ಬಗೆಯಲ್ಲಿ. ಅದಕ್ಕೆ ಸಸ್ಪೆನ್ಷನ್ ಅನ್ನುತ್ತಾರೆ. ನನ್ನ ಸಾಲಿನದೇ ಒಂದು ತುಣುಕು ತೆಗೆದುಕೊಳ್ಳಿ. ಕೆಳಗೆ ರಿ, ಮೇಲೆ ನಿ. ಚೆನ್ನಾಗಿದೆ. ಮುಂದೆ ಕೆಳಗೆ ಸ, ಮೇಲೆ ದ. ಅದೂ ಚೆನ್ನಾಗಿದೆ. ಈಗ ಕೆಳಗಿನ ದನಿ ಹೊತ್ತಿಗೆ ಸರಿಯಾಗಿ ಸ ಕ್ಕೆ ಇಳಿಯಲಿ. ಮೇಲಿನದು ನಿ ಬಿಡದೆ ಹಿಡಿದುಕೊಂಡಿರಲಿ. ಆ ಕ್ಷಣ ಎರಡೂ ಉಜ್ಜುತ್ತವೆ, ಹಲ್ಲು ಜುಮ್ಮೆನ್ನುವ ಹಾಗೆ. ಅರ್ಧ ಏಟು ತಡವಾಗಿ ಮೇಲಿನದು ದ ಕ್ಕೆ ಇಳಿಯುತ್ತದೆ. ಉಸಿರು ಬಿಟ್ಟ ಹಾಗಾಗುತ್ತದೆ.

ಹೊಸ ಸ್ವರ ಒಂದೂ ಬಂದಿಲ್ಲ ನೋಡಿ. ಜಗಳವಾಡಲೆಂದು ಯಾರೂ ಹೊರಗಿನಿಂದ ಬಂದಿಲ್ಲ. ಒಬ್ಬರು ಮುಂದೆ ಹೋದರು, ಇನ್ನೊಬ್ಬರು ಇದ್ದಲ್ಲೇ ಇದ್ದರು. ಅಷ್ಟಕ್ಕೇ ಅಪಸ್ವರ. ಮೇಲಿನ ದನಿ ಹಿಡಿದಿರುವ ಸ್ವರ ಒಂದು ಗಳಿಗೆ ಮೊದಲು ಪೂರ್ತಿ ಸರಿಯಾಗಿಯೇ ಇತ್ತು. ಬಿಡಿಸಿಕೊಳ್ಳುವುದೂ ದೊಡ್ಡ ಜಿಗಿತದಿಂದಲ್ಲ, ಒಂದೇ ಮೆಟ್ಟಿಲು ಕೆಳಗೆ.

ಇದನ್ನು ನುಡಿಸುತ್ತಿದ್ದಾಗಲೇ ನನ್ನ ನಾಟಕದ ಒಂದು ದೃಶ್ಯ ನೆನಪಾಗಿದ್ದು. ಅಪ್ಪ ಹೋದ ಮೇಲೆ ಅಕ್ಕ ತಮ್ಮ ಮನೆ ಖಾಲಿ ಮಾಡುತ್ತಿರುತ್ತಾರೆ. ನಾನು ಬರೆದದ್ದು ಹೀಗಿತ್ತು:

“ಅಪ್ಪ ಇಲ್ಲ ಅಂತ ನಂಬೋಕೇ ಆಗ್ತಿಲ್ಲ ಕಣೋ.”
“ನಂಗೂ ಹಾಗೇ ಅಕ್ಕ. ಮನೆಯೆಲ್ಲ ಖಾಲಿ ಖಾಲಿ.”
“ಹೌದು, ಎಷ್ಟು ಖಾಲಿ.”

ಸಾಲು ಪಂಚಮ! ಒಂದೇ ದುಃಖಕ್ಕೆ ಎರಡು ಅಂಗಿ. ಮೂರು ಜನ ದೂರಿದ್ದು ಇದನ್ನೇ.

ಹಾಗಾಗಿ ಬಿಡಿಬಿಡಿಯಾಗಿ ಬರೆಯಲು ಕೂತೆ. ಒಂದು ಹಾಳೆಯಲ್ಲಿ ಅಕ್ಕನ ಮಾತು ಮಾತ್ರ. ಅವಳಿಗೆ ಗೋಡೆ ಗಡಿಯಾರದ ಚಿಂತೆ. ಇನ್ನೊಂದರಲ್ಲಿ ತಮ್ಮನದು. ಅವನಿಗೆ ಪೆಟ್ಟಿಗೆಯ ಕೀ ಸಿಗುತ್ತಿಲ್ಲ. ಎರಡನ್ನೂ ಕೂಡಿಸಿದ ಮೇಲೆ:

“ಆ ಗಡಿಯಾರಕ್ಕೆ ಅಪ್ಪನೇ ಕೀ ಕೊಟ್ಟಿದ್ದು. ಹೋದ ಭಾನುವಾರ.”
“ಈ ಪೆಟ್ಟಿಗೆ ಕೀ ಎಲ್ಲಿಟ್ಟಿರ್ತಾರೆ?”
“ಎಂಟು ದಿನ ಓಡುತ್ತೆ ಅದು. ನಾಳೆ ನಿಲ್ಲುತ್ತೆ.”
“ಮೇಜಿನ ಡ್ರಾಯರಲ್ಲೂ ಇಲ್ಲ.”
“ನಾನಂತೂ ಕೀ ಕೊಡಲ್ಲ ಕಣೋ.”
“ಅಯ್ಯೋ, ನಿನ್ನ ಹತ್ರಾನೇ ಇದ್ಯಾ?”
(ಮೌನ)
“ಓ... ಗಡಿಯಾರಕ್ಕಾ. ಕೊಡ್ಬೇಡ ಬಿಡು.”

ಇಬ್ಬರೂ ಅಪ್ಪನ ಸಾವಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇಬ್ಬರೂ ‘ಕೀ’ ಅನ್ನುತ್ತಾರೆ, ಅರ್ಥ ಬೇರೆ. ಅಕ್ಕ ಮುಂದೆ ಹೋಗಿರುತ್ತಾಳೆ, ತಮ್ಮ ತನ್ನ ಹಳೆಯ ಸ್ವರದಲ್ಲೇ ನಿಂತಿರುತ್ತಾನೆ. ಅದು ಉಜ್ಜುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಆಮೇಲೆ ಅವನು ಒಂದು ಮೆಟ್ಟಿಲು ಇಳಿಯುತ್ತಾನೆ. ಈ ‘ಕೀ’ಯ ಆಟವನ್ನು ನಾನು ಯೋಜನೆ ಹಾಕಿ ಮಾಡಿದ್ದಲ್ಲ. ಎರಡು ಹಾಳೆ ಅಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂಗೀತದಲ್ಲಿ ದನಿಗಳು ಒಟ್ಟಿಗೇ ಕೇಳಿಸುತ್ತವಲ್ಲ, ಇಲ್ಲೂ ಯಾಕೆ ಬೇಡ ಎಂದು ಇಬ್ಬರ ಮಾತನ್ನೂ ಒಂದರ ಮೇಲೊಂದು ಹಾಕಿದೆ. ಕೇಳಿಸಿದರೆ ಗೆಳೆಯ ಕೇಳಿದ, “ಇದೇನು, ಸಂತೆ ಸೀನಾ?” ಗ್ಲೆನ್ ಗೂಲ್ಡ್ ಎಂಬ ಪಿಯಾನೋ ವಾದಕ ಕೆನಡಾದ ರೇಡಿಯೋಗೆ 1967ರಲ್ಲಿ ಮಾಡಿದ ಒಂದು ಸಾಕ್ಷ್ಯಚಿತ್ರ ಇದೇ ಥರ ಶುರುವಾಗುತ್ತದೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು, ಅವರ ಮೇಲೆ ಮೂರನೆಯವರು. ದನಿಗಳ ಏರಿಳಿತ ಸೊಗಸಾಗಿ ಕೇಳುತ್ತದೆ, ಮಾತು ಅರ್ಧಂಬರ್ಧ ಕೈಗೆ ಸಿಗುತ್ತದೆ. ಅವನಿಗೆ ಅದೇ ಬೇಕಿತ್ತು. ನನಗೆ ಬೇಕಿರಲಿಲ್ಲ. ಎರಡು ರಾಗದ ಎಳೆಗಳನ್ನು ಕಿವಿ ಒಟ್ಟಿಗೆ ಹಿಡಿಯುತ್ತದೆ, ಎರಡು ವಾಕ್ಯಗಳನ್ನು ಹಿಡಿಯುವುದಿಲ್ಲ. ಹಾಗಾಗಿ ಯಾರಾದರೂ ಸಾಹಿತ್ಯದಲ್ಲಿ ಕೌಂಟರ್‌ಪಾಯಿಂಟ್ ಇದೆ ಅಂದಾಗ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಓದುವವರು ಒಂದು ಸಲಕ್ಕೆ ಒಂದೇ ಸಾಲು ಓದುವುದು.

ದಾರಿ ತೋರಿಸಿದ್ದು ಜರ್ಮನಿಯ ಸಂಗೀತಕಾರ ಬಾಖ್. ಒಂಟಿ ಪಿಟೀಲಿಗೆ ಬರೆದ ಅವನ ಕೃತಿಗಳ 1720ರ ಹಸ್ತಪ್ರತಿ ಇದೆ. ಅದರಲ್ಲಿ ಎಷ್ಟೋ ಕಡೆ ನುಡಿಯುವುದು ಒಂದು ಸಲಕ್ಕೆ ಒಂದೇ ಸ್ವರ. ಆದರೆ ಸಾಲು ಮೇಲೊಮ್ಮೆ ಕೆಳಗೊಮ್ಮೆ ಜಿಗಿಯುತ್ತಾ ಹೋಗುತ್ತದೆ. ಮೇಲಿನ ಸ್ವರಗಳನ್ನು ಕಿವಿ ಒಂದು ದಾರಕ್ಕೆ ಪೋಣಿಸುತ್ತದೆ, ಕೆಳಗಿನವನ್ನು ಇನ್ನೊಂದಕ್ಕೆ. ಬಿಟ್ಟುಹೋದ ದನಿ ಎಲ್ಲಿತ್ತು ಅನ್ನುವುದನ್ನು ನೆನಪು ಕಾಯ್ದಿಟ್ಟುಕೊಳ್ಳುತ್ತದೆ.

ಮತ್ತೆ ಎಡಿಟ್‌ಗೆ ಕೂತೆ. ಮಾತುಗಳನ್ನು ಬೇರೆ ಮಾಡಿದೆ, ಸದ್ದುಗಳನ್ನು ಮಾತ್ರ ಒಂದರ ಮೇಲೊಂದು ಬಿಟ್ಟೆ. ತಮ್ಮ ಮಾತಾಡುವಾಗ ಹಿಂದೆ ಗಡಿಯಾರದ ಟಿಕ್ ಟಿಕ್. ಅಕ್ಕ ಮಾತಾಡುವಾಗ ಡ್ರಾಯರ್ ಎಳೆದು ದಬ್ಬುವ ಸದ್ದು. ಮಾತು ನಿಂತರೂ ಆ ದನಿ ಹೋಗಿಲ್ಲ ಅಂತ ಗೊತ್ತಾಗುತ್ತಿತ್ತು. 1928ರಲ್ಲಿ, ಸಿನಿಮಾಕ್ಕೆ ಆಗಷ್ಟೇ ಮಾತು ಬರುತ್ತಿದ್ದಾಗ, ಸೋವಿಯತ್ ನಿರ್ದೇಶಕರಾದ ಐಸೆನ್‌ಸ್ಟೈನ್, ಪುದೋವ್‌ಕಿನ್, ಅಲೆಕ್ಸಾಂದ್ರೋವ್ ಸೇರಿ ಒಂದು ಹೇಳಿಕೆ ಹೊರಡಿಸಿದ್ದರು. ಚಿತ್ರದಲ್ಲಿ ಕಂಡದ್ದನ್ನೇ ಸದ್ದು ಮತ್ತೆ ಹೇಳಬಾರದು, ಅದರೊಂದಿಗೆ ಕೌಂಟರ್‌ಪಾಯಿಂಟ್ ಆಗಿ ನಡೆಯಬೇಕು ಅನ್ನುವುದು ಅವರ ವಾದ. ಹಿಂದೆ ಓದಿದಾಗ ಬರೀ ಘೋಷಣೆ ಅನ್ನಿಸಿತ್ತು. ಡ್ರಾಯರ್ ಸದ್ದನ್ನು ಅಕ್ಕನ ಮಾತಿನ ಕೆಳಗೆ ಎಳೆದಿಟ್ಟ ದಿನ ಅದು ಕೆಲಸದ ಮಾತು ಅಂತ ಗೊತ್ತಾಯಿತು.

ಒಂದು ಪರೀಕ್ಷೆಯನ್ನು ಈಗಲೂ ಬಿಟ್ಟಿಲ್ಲ. ಪ್ರತಿ ದೃಶ್ಯದಲ್ಲೂ ಒಬ್ಬರ ಮಾತನ್ನು ಮುಚ್ಚಿ ಇನ್ನೊಬ್ಬರದನ್ನು ಮಾತ್ರ ಓದುತ್ತೇನೆ. ಬರೀ ‘ಹೌದು’, ‘ಅಲ್ವಾ’, ‘ಆಮೇಲೆ?’ ಉಳಿದರೆ ಅಲ್ಲಿರುವುದು ಒಂದೇ ದನಿ. ಪರೀಕ್ಷೆಗೆ ಕೂತ ದೃಶ್ಯಗಳಲ್ಲಿ ಫೇಲಾದವೇ ಹೆಚ್ಚು. ಕೆಲವನ್ನು ಹಾಗೇ ಬಿಡುತ್ತೇನೆ. ಒಬ್ಬರು ಹಾಡುವಾಗ ಇನ್ನೊಬ್ಬರು ಶ್ರುತಿ ಹಿಡಿದರೂ ಸಾಕು, ಎಲ್ಲ ಕಡೆ ಎರಡು ಹಾಡು ಬೇಕಿಲ್ಲ.

ರೆಕಾರ್ಡಿಂಗ್ ದಿನ ತಮ್ಮನ ಪಾತ್ರದ ಹುಡುಗ ಕೇಳಿದ, “ಸಾರ್, ‘ಓ ಗಡಿಯಾರಕ್ಕಾ’ ಅನ್ನೋಕೆ ಮುಂಚೆ ಎಷ್ಟು ಹೊತ್ತು ನಿಲ್ಲಲಿ?” ನನಗೆ ಗೊತ್ತಿರಲಿಲ್ಲ. ಅವನ ಹೆಡ್‌ಫೋನಿಗೆ ಗಡಿಯಾರದ ಸದ್ದು ಬಿಟ್ಟೆವು. ಒಂದು ಟಿಕ್‌ಗೆ ಹೇಳಿದಾಗ ಅವಸರವಾಯಿತು. ಐದಕ್ಕೆ ಹೇಳಿದಾಗ ನಾಟಕೀಯವಾಯಿತು. ಮೂರಕ್ಕೆ ಹೇಳಿದ. ಎದುರು ಕೂತಿದ್ದ ಅಕ್ಕನ ಪಾತ್ರದವಳು, ಮೈಕ್ ಆನ್ ಇದೆ ಅನ್ನುವುದನ್ನೂ ಮರೆತು, ಜೋರಾಗಿ ಉಸಿರು ಬಿಟ್ಟಳು. ಆ ಉಸಿರನ್ನು ನಾನು ಕತ್ತರಿಸಲಿಲ್ಲ.