ಎಸ್‌ಟಿಆರ್ ಡೇಟಾಬೇಸ್: ನಾನು ಮೊದಲು ನೋಡುವುದು ಹೋಮೋಜೈಗೋಟ್‌ಗಳನ್ನು

ಡಿಎನ್‌ಎ ವರದಿಯಲ್ಲಿ "ಇಷ್ಟು ಕೋಟಿಯಲ್ಲಿ ಒಬ್ಬರು" ಅಂತ ಬರುತ್ತದಲ್ವಾ, ಅದರ ಹಿಂದೆ ಒಂದು ಪಟ್ಟಿ ಇರುತ್ತದೆ. ಡಿಎನ್‌ಎಯಲ್ಲಿ ಒಂದು ಸಣ್ಣ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿಗೆ ಎಸ್‌ಟಿಆರ್ ಅನ್ನುತ್ತಾರೆ; ಅಂಥ ಒಂದೊಂದು ಜಾಗ ಒಂದು ಲೋಕಸ್, ಅಲ್ಲಿ ಕಾಣುವ ಬೇರೆ ಬೇರೆ ರೂಪಗಳು ಆಲೀಲ್‌ಗಳು. ಯಾವ ಆಲೀಲ್ ಜನರಲ್ಲಿ ಎಷ್ಟು ಸಾಮಾನ್ಯ ಅನ್ನುವ ಪಟ್ಟಿ ಇದು. ಅದನ್ನು ತಯಾರಿಸುವುದು ನನ್ನ ಕೆಲಸ.

ಸ್ಯಾಂಪಲ್ ಓಡಿಸುವುದು ಈಗ ದೊಡ್ಡ ವಿಷಯವಲ್ಲ, ಕಿಟ್‌ಗಳು ಚೆನ್ನಾಗಿವೆ. ಟಿಎಚ್01 ಅನ್ನುವ ಲೋಕಸ್‌ನಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರುತ್ತೇನೆ, ಯಾಕಂದ್ರೆ ಅಲ್ಲಿ 9.3 ಮತ್ತು 10 ಅನ್ನುವ ಆಲೀಲ್‌ಗಳ ನಡುವೆ ಇರುವುದು ಒಂದೇ ಬೇಸ್, ಅಂದ್ರೆ ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ. ಸ್ಯಾಂಪಲ್ ಕೊಡುವವರಲ್ಲಿ ಅಣ್ಣ ತಮ್ಮ, ತಾಯಿ ಮಗಳು ಇಬ್ಬರೂ ಸೇರದ ಹಾಗೆ ಮೊದಲೇ ಕೇಳಿಕೊಳ್ಳುತ್ತೇನೆ.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಹಾರ್ಡಿ-ವೈನ್‌ಬರ್ಗ್ ಪರೀಕ್ಷೆ ಆದ ಮೇಲೆ. ಆಲೀಲ್‌ಗಳು ಎಷ್ಟು ಸಾಮಾನ್ಯವೋ ಅದಕ್ಕೆ ತಕ್ಕಷ್ಟೇ ಆಲೀಲ್ ಜೋಡಿಗಳು ಪಟ್ಟಿಯಲ್ಲಿವೆಯೇ ಅಂತ ನೋಡುವ ಪರೀಕ್ಷೆ ಅದು. 20 ಲೋಕಸ್ ಪರೀಕ್ಷಿಸಿದರೆ 0.05ರ ಮಟ್ಟದಲ್ಲಿ ಒಂದು ಸುಮ್ನೆ ಆಕಸ್ಮಿಕವಾಗಿಯೇ ಕೆಟ್ಟದಾಗಿ ಕಾಣಬಹುದು. ಹಾಗಂತ ಬಾನ್‌ಫೆರೋನಿ ತಿದ್ದುಪಡಿ ಹಾಕಿ (ಪರೀಕ್ಷೆಗಳು ಹೆಚ್ಚಾದಷ್ಟೂ ಆ ಮಟ್ಟವನ್ನು ಬಿಗಿ ಮಾಡುವುದು), ಎಲ್ಲ ಸರಿಯಾಯಿತು ಅಂತ ಕೈ ತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ಹೋಮೋಜೈಗೋಟ್‌ಗಳು, ಅಂದ್ರೆ ತಂದೆ ತಾಯಿ ಇಬ್ಬರಿಂದಲೂ ಒಂದೇ ಆಲೀಲ್ ಬಂದವರು, ಎಲ್ಲಿ ಹೆಚ್ಚಾಗಿದ್ದಾರೆ ಅಂತ ನೋಡುತ್ತೇನೆ. ಒಂದೇ ಲೋಕಸ್‌ನಲ್ಲಿ ಹೆಚ್ಚಿದ್ದರೆ ಅನುಮಾನ ಪ್ರೈಮರ್ ಮೇಲೆ (ಆ ಜಾಗವನ್ನು ಹಿಡಿದು ನಕಲು ಶುರು ಮಾಡಿಸುವ ಡಿಎನ್‌ಎ ತುಣುಕು): ಪ್ರೈಮರ್ ಕೂರುವ ಜಾಗದಲ್ಲೇ ಮ್ಯುಟೇಶನ್ ಇದ್ದರೆ ಒಂದು ಆಲೀಲ್ ಕಾಣಿಸುವುದೇ ಇಲ್ಲ, ಎರಡು ಬೇರೆ ಆಲೀಲ್ ಇರುವ ಹೆಟೆರೋಜೈಗೋಟ್ ವ್ಯಕ್ತಿ ವರದಿಯಲ್ಲಿ ಹೋಮೋಜೈಗೋಟ್ ಆಗಿಬಿಡುತ್ತಾನೆ. ಆಗ ಬೇರೆ ಪ್ರೈಮರ್ ಇರುವ ಕಿಟ್‌ನಲ್ಲಿ ಆ ಸ್ಯಾಂಪಲ್‌ಗಳನ್ನೇ ಮತ್ತೆ ಓಡಿಸುತ್ತೇನೆ. ಎಲ್ಲ ಲೋಕಸ್‌ಗಳಲ್ಲೂ ಸ್ವಲ್ಪ ಸ್ವಲ್ಪ ಹೆಚ್ಚಿದ್ದರೆ ಕಥೆ ಬೇರೆ, ಒಳಗೊಳಗೇ ಮದುವೆಯಾಗುವ ಗುಂಪುಗಳು ಒಂದೇ ಪಟ್ಟಿಯಲ್ಲಿ ಬೆರೆತಿರಬಹುದು.

ಇದಕ್ಕೇ ಥೀಟಾ ತಿದ್ದುಪಡಿ ಇರುವುದು; ಒಂದೇ ಗುಂಪಿನವರು ಎಷ್ಟು ದೂರದ ನೆಂಟರಂತೆ ಇರುತ್ತಾರೆ ಅನ್ನುವ ಅಳತೆಯೇ ಥೀಟಾ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1996ರ ವರದಿ ಸಾಮಾನ್ಯವಾಗಿ 0.01, ಸಣ್ಣ ಪ್ರತ್ಯೇಕ ಗುಂಪುಗಳಿಗೆ 0.03 ಅನ್ನುತ್ತದೆ. ಆಲೀಲ್ ಆವರ್ತನ 0.1 ಅಂದುಕೊಳ್ಳಿ. ನೇರ ಲೆಕ್ಕದಲ್ಲಿ ಹೋಮೋಜೈಗೋಟ್ 100ರಲ್ಲಿ ಒಬ್ಬರು. ಥೀಟಾ ಸೇರಿಸಿ ಲೆಕ್ಕ ಹಾಕುವ ಬಾಲ್ಡಿಂಗ್-ನಿಕೋಲ್ಸ್ ಸೂತ್ರಕ್ಕೆ 0.03 ಹಾಕಿದರೆ ಸುಮಾರು 37ರಲ್ಲಿ ಒಬ್ಬರು. ಒಂದೇ ಲೋಕಸ್‌ನಲ್ಲಿ ಇಷ್ಟು ಅಂದ್ರೆ, ಎಲ್ಲವನ್ನೂ ಗುಣಿಸಿದಾಗ ಎಷ್ಟಾಗುತ್ತದೆ ನೋಡಿ! ಅನುಮಾನವಿದ್ದರೆ ನಾನು ದೊಡ್ಡ ಥೀಟಾವನ್ನೇ ಹಾಕುತ್ತೇನೆ. ಸಂಖ್ಯೆಯ ಅಬ್ಬರ ತಗ್ಗುತ್ತದೆ, ಆದರೆ ಆರೋಪಿಗೆ ಅನ್ಯಾಯವಾಗುವುದಿಲ್ಲ.

ಅಪರೂಪದ ಆಲೀಲ್‌ಗಳಿಗೂ ಹಾಗೇ. 200 ಜನರ, ಅಂದ್ರೆ ತಲಾ ಎರಡರಂತೆ 400 ಆಲೀಲ್‌ಗಳ ಪಟ್ಟಿಯಲ್ಲಿ ಒಂದೇ ಸಲ ಕಂಡಿದ್ದನ್ನು 1/400 ಅಂತ ಬಳಸುವುದಿಲ್ಲ, ಕನಿಷ್ಠ 5/400, ಅಂದ್ರೆ 0.0125 ಅಂತಲೇ ಹಿಡಿಯುತ್ತೇನೆ.